ಕಣ್ಣಿನ ಕ್ರಮ, ಕಿವಿಯ ಕ್ರಮ

'ಪ್ರೀತಿ' ಎಂಬುದನ್ನು ಓದು ಕಲಿಯುತ್ತಿರುವ ಮಗು 'ಪೀರತಿ' ಎನ್ನುವುದುಂಟು. ದೊಡ್ಡವರಿಗೆ ನಗು. ಮಗು ಮಾತ್ರ ಕಂಡದ್ದನ್ನು ಕಂಡ ಹಾಗೆಯೇ ಓದಿದೆ: ಗುಡಿಸಿನ ದೀರ್ಘ ಅಂಟಿರುವುದು ಪಕಾರಕ್ಕೆ, ರಕಾರ ಕೆಳಗೆ ಕೂತಿದೆ. ಉಚ್ಚಾರದಲ್ಲಾದರೋ ಪ್, ರ್ ಎರಡೂ ಮುಗಿದ ಮೇಲೆ 'ಈ' ಬರಬೇಕು. 'ಸೂರ್ಯ'ದಲ್ಲಿ ತಕರಾರು ಬೇರೆ. ಅರ್ಕಾವತ್ತನ್ನು ಯಕಾರದ ನಂತರ ಬರೆಯುತ್ತೇವೆ, ಅದಕ್ಕಿಂತ ಮೊದಲು ಓದುತ್ತೇವೆ. ಇನ್ನು 'ಸ್ತ್ರೀ'ಯನ್ನು ಬಿಡಿಸಲು ಕಣ್ಣು ಮೇಲಿಂದ ಕೆಳಗಿಳಿದು, ಮತ್ತೆ ಮೇಲೇರಬೇಕು.

ಕನ್ನಡವನ್ನು ಬರೆದ ಹಾಗೆ ಓದಬಹುದು ಎಂಬ ನಮ್ಮ ಹೆಮ್ಮೆ ಸುಳ್ಳಲ್ಲ. ಆದರೆ ಆ ಹೆಮ್ಮೆಯಲ್ಲಿ ಮಗುವಿನ ಹೊರೆ ಮರೆತುಹೋಗುತ್ತದೆ. ವರ್ಣಮಾಲೆಯಲ್ಲಿರುವುದು 49 ಅಕ್ಷರ, ನಿಜ. 34 ವ್ಯಂಜನಗಳಿಗೆ 15ರಂತೆ ಕಾಗುಣಿತ ಹಾಕಿದರೆ 510 ರೂಪಗಳು. ಒತ್ತಕ್ಷರಗಳ ಲೆಕ್ಕ ಇದರಾಚೆ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡ ಮಕ್ಕಳ ಅಕ್ಷರಜ್ಞಾನ ಮೊದಲ ವರ್ಷಕ್ಕೇ ಮುಗಿಯದೆ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಿರುವುದು ಕಂಡುಬಂತು. 'ಕಮಲ'ವನ್ನು ಕ-ಮ-ಲ ಎಂದು ಒಡೆಯುವುದು ಮಕ್ಕಳಿಗೆ ಬೇಗ ಒಗ್ಗುತ್ತದೆ. 'ಕ'ದೊಳಗೆ ಕ್ ಮತ್ತು ಅ ಇವೆ ಎಂಬ ಅರಿವು ತಡವಾಗಿ, ನಿಧಾನವಾಗಿ ಮೂಡುತ್ತದೆ. ಇಂಗ್ಲಿಷ್ ಕಲಿಸುವವರು ಮೊದಲ ದಿನಗಳಿಂದಲೇ ಬಿಡಿ ಧ್ವನಿಗಳ ಹಿಂದೆ ಬೀಳುತ್ತಾರೆ. ಅವರ ಲಿಪಿಗೆ ಅದು ಸರಿ. ಆ ಫೋನಿಕ್ಸ್ ಪಾಠವನ್ನೇ ಕನ್ನಡಕ್ಕೆ ಹೊಲಿಸಿ ತೊಡಿಸುವ ಉತ್ಸಾಹದ ಬಗ್ಗೆ ನನಗೆ ಅನುಮಾನವಿದೆ.

ಹಾಗೆಂದು ಅ ಆ ಇ ಈ ಬಾಯಿಪಾಠವೇ ದಾರಿ ಎಂದಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಆ ಕ್ರಮವನ್ನೇ ಬದಿಗಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿತು. ಐದೇ ಅಕ್ಷರ ಬಂದರೆ ಸಾಕು, ಸರ, ರಸ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಋ, ಙ, ಞಗಳಿಗಾಗಿ ಕಾಯುತ್ತ ಕೂರಬೇಕಿಲ್ಲ.

ಅಕ್ಷರ ಬಿಡಿಸಲು ಬಂದರೆ ಓದು ಬಂದಂತೆಯೇ? ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಒಂದು ಸರಳ ಸೂತ್ರ ಕೊಟ್ಟರು: ಓದೆಂದರೆ ಅಕ್ಷರ ಬಿಡಿಸುವ ಶಕ್ತಿ ಗುಣಿಸು ಮಾತಿನ ಅರ್ಥ ಹಿಡಿಯುವ ಶಕ್ತಿ. ಕೂಡುವುದಲ್ಲ, ಗುಣಿಸುವುದು, ಎರಡರಲ್ಲಿ ಒಂದು ಸೊನ್ನೆಯಾದರೂ ಫಲ ಸೊನ್ನೆ. ಪಂಪನ ಪದ್ಯವೊಂದನ್ನು ಗಟ್ಟಿಯಾಗಿ ಓದಿ ನೋಡಿ. ನಮ್ಮಲ್ಲಿ ಹೆಚ್ಚಿನವರ ನಾಲಿಗೆ ತಡವರಿಸಿಯಾದರೂ ಸಾಗುತ್ತದೆ, ತಲೆಗೆ ಹತ್ತುವುದು ಕಡಿಮೆ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತುಳು ಆಡುವ ಎಷ್ಟೋ ಮಕ್ಕಳಿಗೆ ಒಂದನೇ ತರಗತಿಯ ಕನ್ನಡ ಪಾಠವೇ ಹಾಗಿರುತ್ತದೆ. ಅವರಿಗೆ ಇನ್ನಷ್ಟು ಕಾಪಿ ಬರೆಸಿದರೆ ಏನೂ ಆಗದು. ಕನ್ನಡದಲ್ಲಿ ಕತೆ ಹೇಳಬೇಕು, ಮಾತಾಡಿಸಬೇಕು.

ಮಗು ನಿಜಕ್ಕೂ ಓದುತ್ತಿದೆಯೋ, ಪಾಠವನ್ನು ಬಾಯಿಪಾಠ ಒಪ್ಪಿಸುತ್ತಿದೆಯೋ ತಿಳಿಯಲು ಅರ್ಥವಿಲ್ಲದ ಪದಗಳನ್ನು ಕೊಡುವುದು ಸಂಶೋಧಕರ ಹಳೆಯ ಉಪಾಯ. ಚೀಟಿಯಲ್ಲಿ 'ಗಸೂರ', 'ಮೊದಿಕು', 'ತಪ್ರೇಲ' ಎಂದು ಬರೆದು ಮನೆಯಲ್ಲೂ ನೋಡಬಹುದು. ಎರಡನೇ ತರಗತಿಯ ಮಗು ಮೊದಲೆರಡನ್ನು ಓದಿ ಮೂರನೆಯದರಲ್ಲಿ ಎಡವಿದರೆ ಗಾಬರಿ ಬೇಡ, ಒತ್ತಕ್ಷರಕ್ಕೆ ಇನ್ನೂ ಸಮಯವಿದೆ. ನಾಲ್ಕನೇ ತರಗತಿಯ ಮಗು 'ಗಸೂರ'ದಲ್ಲೇ ನಿಂತರೆ ಕಾಗುಣಿತಕ್ಕೆ ಮರಳಬೇಕು, ಅದೂ ಈ ವಾರವೇ.