ಹಚ್ಚುವುದು, ಸವರುವುದು, ಬಳಿಯುವುದು

ಇಂಗ್ಲಿಷಿನ ‘ಸ್ಮಿಯರ್’ ಎಂಬ ಕ್ರಿಯಾಪದ ಮೇಲುನೋಟಕ್ಕೆ ಬಹು ಸರಳವಾದದ್ದು. ಜಿಡ್ಡಾದ, ಅಂಟುವಂಥ ವಸ್ತುವನ್ನು ಇನ್ನೊಂದರ ಮೇಲೆ ಹರಡುವುದೆಂದು ಅದರ ಅರ್ಥ. ಆದರೂ ಆರೋಗ್ಯದ ಕರಪತ್ರವೊಂದನ್ನು ಕನ್ನಡಕ್ಕೆ ತರುವಾಗ ಈ ಪುಟ್ಟ ಪದ ನನ್ನನ್ನು ಎಡವಿಸಿತು. ಗರ್ಭಕಂಠದ ಕ್ಯಾನ್ಸರಿನ ಸುಳಿವನ್ನು ಮುಂಚಿತವಾಗಿ ಹಿಡಿಯುವ ‘ಸ್ಮಿಯರ್ ಟೆಸ್ಟ್’ ಎಂಬುದನ್ನು ನಾನು ‘ಲೇಪನ ಪರೀಕ್ಷೆ’ ಎಂದು ಬರೆದೆ. ಅದನ್ನೋದಿದ ನೆರೆಮನೆಯ ಗೃಹಿಣಿಯೊಬ್ಬರು, “ಅದೇನು ಔಷಧ ಹಚ್ಚುತ್ತಾರೋ, ಎಷ್ಟು ಉರಿಯುತ್ತದೋ! ನಾನಂತೂ ಒಲ್ಲೆ” ಎಂದುಬಿಟ್ಟರು.

ತಪ್ಪು ಅವರದಲ್ಲ, ನನ್ನದು. ಆ ಪರೀಕ್ಷೆಯಲ್ಲಿ ಮೈಗೆ ಲೇಪವಿಲ್ಲ. ಗರ್ಭಕಂಠದಿಂದ ಕೆಲವು ಜೀವಕೋಶಗಳನ್ನು ತೆಗೆದು, ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗ್ರೀಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಪಾಪಾನಿಕೊಲಾವ್ ಅವರು ಟ್ರಾಟ್ ಅವರೊಡನೆ 1943ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಕ್ರಮ ಪ್ರಸಿದ್ಧಿಗೆ ಬಂತು. ಈಗ ಹಲವೆಡೆ ಜೀವಕೋಶಗಳನ್ನು ನೇರವಾಗಿ ಗಾಜಿಗೆ ಸವರದೆ ದ್ರವದಲ್ಲಿ ಹಾಕಿ ಕಳುಹಿಸುತ್ತಾರೆ. ಹೆಸರು ಮಾತ್ರ ಹಳೆಯದೇ ಉಳಿದಿದೆ.

ಪದದ ಪೂರ್ವಕಥೆಯೂ ಸ್ವಾರಸ್ಯವಾದದ್ದು. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲಕ್ಕೆ ಕೊಬ್ಬು, ಜಿಡ್ಡು ಎಂಬ ಅರ್ಥ. ಸ್ವೀಡಿಷ್ ಮತ್ತು ನಾರ್ವೇಜಿಯನ್ ಭಾಷೆಗಳಲ್ಲಿ ಬೆಣ್ಣೆಗಿರುವ ಹೆಸರು ಇದರ ದಾಯಾದಿ. ಪವಿತ್ರ ತೈಲವನ್ನು ಹಚ್ಚಿ ಅಭಿಷೇಕ ಮಾಡುವುದಕ್ಕೂ ಆಗ ಇದೇ ಪದ ಸಲ್ಲುತ್ತಿತ್ತು. ಮುಂದೆ ಫ್ರೆಂಚಿನಿಂದ ಬಂದ ‘ಅನಾಯಿಂಟ್’ ಆ ಗೌರವದ ಪೀಠವನ್ನೇರಿತು. ‘ಸ್ಮಿಯರ್’ ಪಾಲಿಗೆ ಹೆಚ್ಚಾಗಿ ಕೊಳೆ, ಕಲೆಗಳೇ ಉಳಿದುವು. ಕೊನೆಗೆ ಸುಳ್ಳು ಹಬ್ಬಿಸಿ ಒಬ್ಬರ ಹೆಸರು ಕೆಡಿಸುವುದಕ್ಕೂ ಅದೇ ಪದವಾಯಿತು. ಜಿಡ್ಡಿನಂತೆ ಅಪವಾದವೂ ಒರೆಸಿದಷ್ಟೂ ಹರಡುವುದಲ್ಲವೆ?

ಕನ್ನಡ ಈ ಕೆಲಸವನ್ನು ಹಲವು ಪದಗಳಿಗೆ ಹಂಚಿಕೊಟ್ಟಿದೆ. ಗಾಯಕ್ಕೆ ಮುಲಾಮು ಹಚ್ಚುತ್ತೇವೆ. ಆಸೆ ತೋರಿಸಿ ಮೂಗಿಗೆ ತುಪ್ಪ ಸವರುತ್ತೇವೆ. ಗೋಡೆಗೆ ಸುಣ್ಣ ಬಳಿಯುತ್ತೇವೆ. ಮುಖಕ್ಕೆ ಮಸಿಯನ್ನೂ ಬಳಿಯುತ್ತೇವೆ! ಎಂದರೆ, ಕ್ರಿಯೆಗೆ ಸ್ವತಃ ಪಾಪಪುಣ್ಯಗಳಿಲ್ಲ. ಏನನ್ನು, ಯಾವುದರ ಮೇಲೆ, ಏತಕ್ಕಾಗಿ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡ ಮೇಲೆಯೇ ಅನುವಾದಕ ಲೇಖನಿ ಹಿಡಿಯಬೇಕು. ನಿಘಂಟಿನ ಮೊದಲ ಅರ್ಥಕ್ಕೆ ಕೈಹಾಕಿದ ನಾನು ಅದನ್ನೇ ಮರೆತಿದ್ದೆ.

ಕರಪತ್ರವನ್ನು ತಿದ್ದಿ, ‘ಜೀವಕೋಶಗಳನ್ನು ಗಾಜಿನ ಮೇಲೆ ಸವರಿ ನೋಡುವ ಪರೀಕ್ಷೆ’ ಎಂದು ಬರೆದೆ. ಹೆಸರು ಉದ್ದವಾಯಿತು, ನಿಜ. ಆದರೆ ಆ ಗೃಹಿಣಿ ಓದಿ, “ಇಷ್ಟನ್ನು ಮೊದಲೇ ಹೇಳಬಾರದಿತ್ತೆ?” ಎಂದರು.