ಲಾಗ ಹಾಕುವ ಮಕ್ಕಳು

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?” ಎಂಬ ಗಾದೆಯನ್ನು ಮಕ್ಕಳ ವ್ಯಾಯಾಮದ ಮಾತು ಬಂದಾಗಲೆಲ್ಲ ಹಿರಿಯರು ನೆನೆಯುವುದುಂಟು. ಮಾತು ನಿಜ, ಆದರೆ ಅದು ಅರ್ಧ ನಿಜ. ಬಗ್ಗಿಸುವ ಕೈ ಒರಟಾದರೆ ಗಿಡ ಮುರಿದೀತು ಎಂಬ ಉಳಿದರ್ಧವನ್ನು ಗಾದೆ ಹೇಳದು. ಆರೇಳು ವರ್ಷದ ಮಗುವಿಗೆ ಲಾಗ ಹಾಕುವುದನ್ನು ಕಲಿಸಹೊರಟ ಉಪಾಧ್ಯಾಯನು ಮೊದಲು ನೆನೆಯಬೇಕಾದುದು ಈ ಉಳಿದರ್ಧವನ್ನು.

ಮೈ ಪಳಗಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಸಾಧನೆಯೊಡನೆ ಮಲ್ಲಕಂಬದ ಪ್ರಸ್ತಾಪವೂ ಇದೆ. ಸುರಪುರದ ವೇಣುಗೋಪಾಲಸ್ವಾಮಿಯ ಜಾತ್ರೆಯಲ್ಲಿ ಜಾರುವ ಕಂಬವನ್ನೇರುವ ತರುಣರನ್ನು ನೋಡಲು ಇಂದಿಗೂ ಜನ ನೆರೆಯುತ್ತಾರೆ. ಅದೇ ಸೀಮೆಯಲ್ಲಿದೆ ದೇವಾಪುರ. ಜೈಮಿನಿ ಭಾರತದ ಲಕ್ಷ್ಮೀಶನ ಊರು ಇದೇ ಎಂದು ಕೆಲವರು ವಾದಿಸುವ ಹಳ್ಳಿ. ಇಂಥ ಊರುಗಳ ಹುಡುಗರು ಯಾರೂ ಕಲಿಸದಿದ್ದರೂ ಹುಲ್ಲಿನ ಬಣವೆಯಿಂದ ಜಿಗಿಯುತ್ತಾರೆ, ಮರಳಿನಲ್ಲಿ ಪಲ್ಟಿ ಹೊಡೆಯುತ್ತಾರೆ. ಪಟ್ಟಣದ ಮಕ್ಕಳಿಗೆ ಮಂಚವೇ ಬಣವೆ. ಆದುದರಿಂದ ಕಲಿಸಬೇಕೋ ಬೇಡವೋ ಎಂಬುದು ಪ್ರಶ್ನೆಯಲ್ಲ. ಸರಿಯಾಗಿ ಕಲಿಸುವವರು ಯಾರು ಎಂಬುದೇ ಪ್ರಶ್ನೆ.

ನೆಲ ಮೊದಲು

ಗಟ್ಟಿ ನೆಲದ ಮೇಲೆ, ಕಲ್ಲುಹಾಸಿನ ಮೇಲೆ ಉರುಳಾಟ ಸಲ್ಲದು. ವ್ಯಾಯಾಮದ ಚಾಪೆ ದೊರೆಯದ ಶಾಲೆಯವರು ನಿರಾಶರಾಗಬೇಕಿಲ್ಲ. ನಾರಾಯಣಪುರದ ಕಾಲುವೆಯ ನೀರು ಹರಿದ ಈ ಸೀಮೆಯಲ್ಲಿ ಭತ್ತದ ಹುಲ್ಲಿಗೆ ಕೊರತೆಯಿಲ್ಲ. ಗೋಣಿಚೀಲಗಳಿಗೆ ಒಣಹುಲ್ಲನ್ನು ಸಮನಾಗಿ ತುಂಬಿ, ಒಂದಕ್ಕೊಂದು ಬಿಗಿಯಾಗಿ ಹೊಲಿದು, ಮೇಲೆ ದಪ್ಪ ಜಮಖಾನ ಹಾಸಿ ಅಂಚು ಕಟ್ಟಿದರೆ ಮೊದಲ ಪಾಠಗಳಿಗೆ ಸಾಕು. ಚೀಲಗಳ ನಡುವೆ ಸಂದು ಉಳಿಯಬಾರದು. ಪಾದ ಸಿಕ್ಕಿಕೊಂಡರೆ ಕಣಕಾಲು ಉಳುಕುತ್ತದೆ. ಬಿಸಿಯೂಟ ಮುಗಿದ ಕೂಡಲೇ ಈ ಪಾಠ ಬೇಡ. ಬಿಸಿಲು ಏರುವ ಮುನ್ನ, ಬೆಳಗಿನ ಹೊತ್ತೇ ಉತ್ತಮ.

ಬಳೆ, ಸರ, ಕನ್ನಡಕಗಳನ್ನು ತೆಗೆದಿರಿಸಬೇಕು. ನೆತ್ತಿಯ ಮೇಲೆ ಗಂಟು ಹಾಕಿದ ಜಡೆಯೂ ಅಪಾಯಕರ. ಹೆಣ್ಣುಮಕ್ಕಳಿಗೆ ಲಂಗದ ಬದಲು ಚಡ್ಡಿಯನ್ನೋ ಪಾಯಿಜಾಮವನ್ನೋ ತೊಡಿಸಿ ಕಳುಹಿಸುವುದು ತಾಯಂದಿರ ಕೆಲಸ. ಉಡುಪಿನ ಸಂಕೋಚದಿಂದಲೇ ಎಷ್ಟೋ ಹುಡುಗಿಯರು ಮೂಲೆಯಲ್ಲಿ ಉಳಿದುಬಿಡುತ್ತಾರೆ.

ನೆತ್ತಿಯಲ್ಲ, ಹೆಗಲು

ಮೊದಲ ದಿನವೇ ಲಾಗ ಬೇಡ. ಕಪ್ಪೆಯಂತೆ ಕುಪ್ಪಳಿಸುವುದು, ಏಡಿಯಂತೆ ನಡೆಯುವುದು, ಕೈಗಳ ಮೇಲೆ ಭಾರ ಹೊರುವುದು, ಇವು ಮೊದಲ ಪಾಠ. ಮೈ ಚಾಚಿ ಕೊರಡಿನಂತೆ ಪಕ್ಕಕ್ಕೆ ಉರುಳುವುದು ಎರಡನೆಯದು. ಮೊಣಕಾಲನ್ನು ತಬ್ಬಿ, ಬೆನ್ನನ್ನು ಬಿಲ್ಲಾಗಿಸಿ ತೊಟ್ಟಿಲಿನಂತೆ ತೂಗಾಡುವುದು ಮೂರನೆಯದು. ಇವು ಕರಗತವಾದ ಬಳಿಕವೇ ಮುಂದಿನ ಉರುಳು.

ಮಗು ಕುಕ್ಕುರುಗಾಲಿನಲ್ಲಿ ಕುಳಿತು ಅಂಗೈಗಳನ್ನು ಹೆಗಲಿನಗಲಕ್ಕೆ ಊರಬೇಕು. ಗದ್ದ ಎದೆಗೆ ತಾಗಿರಬೇಕು. ಗದ್ದಕ್ಕೂ ಎದೆಗೂ ನಡುವೆ ಒಂದು ಕರವಸ್ತ್ರವನ್ನಿಟ್ಟು, ಅದು ಬೀಳದಂತೆ ಉರುಳಲು ಹೇಳಿದರೆ ಎಳೆಯರಿಗೆ ಅದು ಆಟವೂ ಆಗುತ್ತದೆ, ಪಾಠವೂ ಆಗುತ್ತದೆ. ಸೊಂಟ ಮೇಲೇಳುತ್ತಿದ್ದಂತೆ ನೆಲಕ್ಕೆ ತಾಗಬೇಕಾದುದು ಹೆಗಲುಗಳ ಹಿಂಭಾಗ, ನೆತ್ತಿಯಲ್ಲ. ಇಡೀ ಮೈಭಾರ ಬಾಗಿದ ಕತ್ತಿನ ಮೇಲೆ ಬಿದ್ದರೆ ಆಗುವ ಕೇಡು ಜೀವಮಾನದ್ದು. ಉಪಾಧ್ಯಾಯನು ಪಕ್ಕದಲ್ಲಿ ಮೊಣಕಾಲೂರಿ, ಒಂದು ಕೈಯನ್ನು ತಲೆಯ ಹಿಂದೆಯೂ ಮತ್ತೊಂದನ್ನು ತೊಡೆಯ ಬಳಿಯೂ ಇಟ್ಟು ದಾರಿ ತೋರಬೇಕು, ನೂಕಬಾರದು, ಎಳೆಯಬಾರದು. ಒಂದು ಹಾಸಿನ ಮೇಲೆ ಒಂದು ಸಲಕ್ಕೆ ಒಂದೇ ಮಗು. ಅದು ಎದ್ದು ಹೊರಬಂದ ಮೇಲೆಯೇ ಮತ್ತೊಂದು.

ಎಲ್ಲ ಮಕ್ಕಳಿಗೂ ಈ ಆಟ ಒಗ್ಗದು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲಿನ ಕೀಲು ಸಡಿಲವಾಗಿರುತ್ತದೆ. ವೈದ್ಯರ ಒಪ್ಪಿಗೆಯಿಲ್ಲದೆ ಅವರನ್ನು ಉರುಳಿಸಲೇಬಾರದು. ಬಿದ್ದ ಮಗು ಕತ್ತು ನೋವೆಂದರೆ ಎತ್ತಿ ಕೂರಿಸುವ ಅವಸರ ಬೇಡ. ಅಲುಗಿಸದೆ ಮಲಗಿಸಿಯೇ ಇಟ್ಟು 108ಕ್ಕೆ ಕರೆ ಮಾಡಬೇಕು.

ಚಪ್ಪಾಳೆಯ ಅಪಾಯ

ನಿತ್ಯದ ಪಾಠಕ್ಕಿಂತ ವಾರ್ಷಿಕೋತ್ಸವವೇ ಹೆಚ್ಚು ಅಪಾಯಕರ. ಅತಿಥಿಗಳ ಮುಂದೆ ನಾಲ್ಕು ಅಂತಸ್ತಿನ ಮಾನವ ಗೋಪುರ ನಿಲ್ಲಿಸಬೇಕೆಂಬ ಹಂಬಲದಲ್ಲಿ ತಳದ ಸಾಲಿನ ಮಕ್ಕಳ ಬೆನ್ನನ್ನು ಯಾರೂ ಲೆಕ್ಕಿಸುವುದಿಲ್ಲ. ಕಿರಿಯರಿಗೆ ಎರಡು ಅಂತಸ್ತು ಸಾಕು. ಮೇಲಿನವನ ಭಾರ ಕೆಳಗಿನವನ ಹೆಗಲು, ಸೊಂಟಗಳ ಮೇಲಿರಬೇಕೇ ಹೊರತು ನಡುಬೆನ್ನಿನ ಮೇಲಲ್ಲ. ಹೆದರಿದ ಮಗುವನ್ನು “ಹೇಡಿ” ಎಂದು ಹಂಗಿಸಿ ಹಾರಿಸುವುದಂತೂ ಪಾಠವಲ್ಲ, ಪೀಡನೆ. ಅರೆಮನಸ್ಸಿನಿಂದ ಹಾರಿದವನೇ ನಡುವೆ ತಡೆದು ಕೆಡೆದುಬೀಳುವುದು.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತ್ರಿಪುರಾದ ದೀಪಾ ಕರ್ಮಾಕರ್ ಕಠಿಣವಾದ ಪ್ರೊಡುನೊವಾ ಜಿಗಿತವನ್ನು ಪ್ರದರ್ಶಿಸಿ ನಾಲ್ಕನೆಯ ಸ್ಥಾನ ಪಡೆದುದನ್ನು ವಾಚಕರು ಮರೆತಿರಲಾರರು. ಆ ಒಂದು ಜಿಗಿತದ ಹಿಂದೆ ಬಾಲ್ಯದಿಂದ ಮೊದಲಾದ ವರ್ಷಗಳ ಅಭ್ಯಾಸವಿದೆ. ನಮ್ಮ ಮಕ್ಕಳೆಲ್ಲ ದೀಪಾ ಆಗಬೇಕಿಲ್ಲ. ಎಡವಿದಾಗ ಕೈಕಾಲು ಮುರಿದುಕೊಳ್ಳದೆ ಉರುಳಿ ಏಳುವುದನ್ನು ಕಲಿತರೆ ಅದೇ ದೊಡ್ಡ ಲಾಭ. ನಿಮ್ಮ ಮಗುವಿನ ಶಾಲೆಯಲ್ಲಿ ಈ ಪಾಠ ನಡೆಯುತ್ತಿದ್ದರೆ ಮಗು ಎಷ್ಟು ಎತ್ತರಕ್ಕೆ ಹಾರಿತೆಂದು ಕೇಳಬೇಡಿ. ಕೆಳಗೆ ಹಾಸಿದ್ದೇನು, ಪಕ್ಕದಲ್ಲಿ ನಿಂತಿದ್ದವರು ಯಾರು ಎಂದು ಕೇಳಿ.