ಭೂಮಣ್ಣಿ ಬುಟ್ಟಿಯ ಚಿತ್ತಾರ: ದ್ರವ್ಯ ಮತ್ತು ಅರ್ಥ

'ಮಿಶ್ರ ಮಾಧ್ಯಮ' ಎಂಬ ಪರಿಭಾಷೆಯನ್ನು ಕಲಾವಿಮರ್ಶೆಯು ಸಾಮಾನ್ಯವಾಗಿ ಯುರೋಪಿನ ಆಧುನಿಕ ಪ್ರಯೋಗಗಳೊಡನೆ ಜೋಡಿಸುತ್ತದೆ. 1912ರಲ್ಲಿ ಪಿಕಾಸೊ ತನ್ನ ಚಿತ್ರಕ್ಕೆ ಬೆತ್ತದ ಹೆಣಿಗೆಯ ಅಚ್ಚಿದ್ದ ಮೇಣಬಟ್ಟೆಯನ್ನು ಅಂಟಿಸಿದ್ದು ಇದರ ಪ್ರಸಿದ್ಧ ನಿದರ್ಶನ. ಸಾಗರ, ಸೊರಬ, ಸಿದ್ದಾಪುರ ಸೀಮೆಯ ದೀವರ ಹೆಣ್ಣುಮಕ್ಕಳು ಬರೆಯುವ ಚಿತ್ತಾರವನ್ನು ಈ ನೆಲೆಯಿಂದ ನೋಡಿದ್ದು ಕಡಿಮೆ. ಅದು 'ಅಲಂಕಾರ'ದ ಶೀರ್ಷಿಕೆಯಡಿಯಲ್ಲಿಯೇ ಉಳಿದಿದೆ.

ಭೂಮಿ ಹುಣ್ಣಿಮೆಗೆ ಸಿದ್ಧವಾಗುವ ಭೂಮಣ್ಣಿ ಬುಟ್ಟಿಯನ್ನು ಗಮನಿಸಬಹುದು. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿಯುತ್ತಾರೆ. ನೆನೆಸಿ ಅರೆದ ಅಕ್ಕಿ ಬಿಳಿ ಬಣ್ಣವಾಗುತ್ತದೆ. ಚಿತ್ತಾರದ ಕಪ್ಪು ಹುರಿದು ಕರಿದಾಗಿಸಿದ ಅಕ್ಕಿಯಿಂದ, ಹಳದಿ ಗುರಿಗೆ ಕಾಯಿಯಿಂದ ಬರುತ್ತವೆ. ಕುಂಚವೆಂದರೆ ಪುಂಡಿ ನಾರು. ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಗದ್ದೆಯ ಭತ್ತ ಹೊಡೆಯಾಗಿರುತ್ತದೆ. ಭೂಮಿಯನ್ನು ಬಸುರಿಯೆಂದು ಭಾವಿಸಿ, ಅವಳ ಬಯಕೆಯ ಅಡುಗೆಯನ್ನು ಇದೇ ಬುಟ್ಟಿಯಲ್ಲಿ ಹೊತ್ತೊಯ್ದು ಗದ್ದೆಗೆ ಚರಗ ಚೆಲ್ಲಲಾಗುತ್ತದೆ.

ಹೀಗಾಗಿ ಬುಟ್ಟಿಯ ಮೇಲಿನ ಭತ್ತದ ಸಸಿ ಅಕ್ಕಿಯಿಂದಲೇ ಬರೆದ ಭತ್ತ. ಅದು ನಿಂತಿರುವುದು ಕೆಮ್ಮಣ್ಣಿನ ಮೇಲೆಯೇ. ಪಿಕಾಸೊನ ಮೇಣಬಟ್ಟೆ ಚಿತ್ರದೊಳಕ್ಕೆ ಹೊರಗಿನಿಂದ ಬಂದ ವಸ್ತು, ಬಂದಷ್ಟಕ್ಕೇ ಅಚ್ಚರಿ ಹುಟ್ಟಿಸುವಂಥದು. ಇಲ್ಲಿ ದ್ರವ್ಯವೂ ಚಿತ್ರಿತ ವಸ್ತುವೂ ಒಂದೇ ಗದ್ದೆಯವು. ಮನುಷ್ಯಾಕೃತಿಗಳ ಸ್ಥಿತಿಯೂ ಬೇರೆಯಲ್ಲ. ಸರಳರೇಖೆ, ತ್ರಿಕೋನಗಳಿಂದಾದ ಗೊಂಬೆಗಳಿಗೆ ವ್ಯಕ್ತಿವಿಶಿಷ್ಟವಾದ ಮುಖವಿಲ್ಲ. ಸಸಿಯನ್ನು ಬರೆದ ನಾರು, ಅದೇ ಹಿಟ್ಟು ಅವನ್ನೂ ಬರೆದಿವೆ. ನಿಸರ್ಗದೃಶ್ಯದ ಎದುರು ನಿಂತು ನೋಡುವ ಮನುಷ್ಯ ಈ ಚಿತ್ರದಲ್ಲಿಲ್ಲ. 'ಮನುಷ್ಯ-ನಿಸರ್ಗ ಸಂಬಂಧ' ಎಂಬ ನುಡಿಗಟ್ಟು ಕೂಡ ಇಲ್ಲಿ ಸ್ವಲ್ಪ ತೊಡಕಿನದೇ, ಏಕೆಂದರೆ ಅದು ಎರಡನ್ನೂ ಮೊದಲು ಬೇರ್ಪಡಿಸಿಕೊಂಡು ಆಮೇಲೆ ಕೂಡಿಸಹೊರಡುತ್ತದೆ.

ಚಿತ್ತಾರವಿಂದು ಕಾಗದಕ್ಕೂ ಬಟ್ಟೆಗೂ ಇಳಿದಿದೆ, ಅಂಗಡಿಯ ಬಣ್ಣಗಳೂ ಬಂದಿವೆ. ಇದನ್ನು ಅವನತಿಯೆಂದು ಹಳಿಯುವುದು ಸುಲಭ. ಬರೆಯುವ ಹೆಣ್ಣಿಗೆ ಹೆಸರೂ ಸಂಪಾದನೆಯೂ ದೊರೆಯುವ ದಾರಿ ಅದೆಂಬುದನ್ನು ಮರೆತು ಆಡುವ ಮಾತದು. ನಷ್ಟ ಹೆಚ್ಚು ಗಂಭೀರವಾಗುವುದು ದಾಖಲಾತಿಯಲ್ಲಿ. ಚಿತ್ತಾರವನ್ನು ಕಪ್ಪು ಶಾಯಿಯ ರೇಖೆಗಳಾಗಿ ನಕಲಿಸಿಕೊಂಡು ವಿನ್ಯಾಸಗಳ ಹೆಸರು ಪಟ್ಟಿಮಾಡಿದರೆ ಆಕಾರವಷ್ಟೇ ಉಳಿಯುತ್ತದೆ. ಅಕ್ಕಿ ಯಾವ ಗದ್ದೆಯದು, ಮಣ್ಣು ಎಲ್ಲಿಯದು, ಅರೆದವರು ಯಾರು, ಹಬ್ಬ ಮುಗಿದ ಮೇಲೆ ಬುಟ್ಟಿ ಏನಾಯಿತು ಎಂಬ ಪ್ರಶ್ನೆಗಳೂ ಕ್ಷೇತ್ರಕಾರ್ಯದ ಪ್ರಶ್ನಾವಳಿಗೆ ಸೇರಬೇಕಾಗಿವೆ.